ಬಳುವಳಿಯಾಗಿ ಬಂದ ಖಡಿ

ಇಡೀ ಗದಗ-ಬೆಟಗೇರಿಯಲ್ಲಿ ನೆಲದಡಿಯ ನೀರಿಗೆ ಹೆದರುತ್ತಿದ್ದವರು ಒಬ್ಬರೇ, ಅವರು ನಮ್ಮ ಕಾಕಾ. ನಮ್ಮೂರನ್ನು ಬಲ್ಲವರು ಇಷ್ಟಕ್ಕೇ ನಕ್ಕುಬಿಡುತ್ತಾರೆ. ನಳಕ್ಕೆ ನೀರು ಬಂತೆಂಬ ಸುದ್ದಿ ಕೇಳಿದರೆ ಪೂಜೆಗೆ ಕೂತವರು ಗಂಟೆ ಕೆಳಗಿಟ್ಟು ಕೊಡ ಹಿಡಿದು ಓಡುವ ಊರು ನಮ್ಮದು. ಮನೆಗೆ ಬೀಗರು ಬಂದರೆ ಚಹಾ ಬೇಕೇ ಎಂದು ಗಟ್ಟಿಯಾಗಿ ಕೇಳುತ್ತೇವೆ, ನೀರು ಬೇಕೇ ಎಂದು ಕೇಳುವಾಗ ಮಾತ್ರ ದನಿ ಸಣ್ಣದಾಗುತ್ತದೆ. ಇಂಥ ಊರಿನಲ್ಲಿ ಹುಟ್ಟಿ ಬೆಳೆದು, "ಕೆಳಗ ನೀರು ಭಾಳ ಐತೋ ಏನೋ" ಎಂದು ಸಂಕಟಪಡುವವರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಕೈಯಲ್ಲೇ ಬೆಳೆದಿದ್ದೇನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅಪ್ಪ-ಅವ್ವ ಇಬ್ಬರೂ ನಾನು ಚಿಕ್ಕವಳಿದ್ದಾಗಲೇ ಹೋದರು. ಮಕ್ಕಳಿಲ್ಲದ ಕಾಕಾ-ಕಾಕು ನನ್ನನ್ನು ಎತ್ತಿಕೊಂಡು ಬೆಟಗೇರಿಗೆ ಬಂದರು. ಅವರದು ಕಾಳಿನ ಅಂಗಡಿ. ಜೋಳ, ಕಡಲೆ, ಹೆಸರು, ಶೇಂಗಾ. ಕಾಳು ಅಳೆಯುವವರಿಗೆ ಒಂದು ಕೈಚಳಕ ಇರುತ್ತದೆ. ಸೇರಿನೊಳಗೆ ಮೆಲ್ಲಗೆ ಸುರಿದರೆ ಕಾಳು ಸಡಿಲಾಗಿ ಕೂತು ಸೇರು ಬೇಗ ತುಂಬಿದಂತೆ ಕಾಣುತ್ತದೆ. ಕೊಳ್ಳಲು ಬಂದ ಹೆಣ್ಣುಮಕ್ಕಳೂ ಕಡಿಮೆಯವರಲ್ಲ, "ಒಂದೀಟು ತಟ್ರಿ" ಎನ್ನುತ್ತಾರೆ. ಸೇರನ್ನು ನೆಲಕ್ಕೆ ಕುಟ್ಟಿದರೆ ಕಾಳು ಒತ್ತಿಕೊಂಡು ಕೆಳಗಿಳಿಯುತ್ತದೆ, ಮೇಲೆ ಇನ್ನೊಂದು ಹಿಡಿ ಹಿಡಿಯುತ್ತದೆ. ಉಳಿದ ವ್ಯಾಪಾರಿಗಳು ಆ ಮಾತು ಕಿವಿಗೆ ಬೀಳದವರಂತೆ ನಟಿಸಿದರೆ, ನಮ್ಮ ಕಾಕಾ ಯಾರೂ ಕೇಳುವ ಮೊದಲೇ ತಾವೇ ತಟ್ಟಿ ತುಂಬಿ ಕೊಡುತ್ತಿದ್ದರು.

"ಸಡಿಲ ಇದ್ದದ್ದು ಎಂದಾರ ಕುಸಿಯೂದ ಐತಿ. ನಮ್ಮ ಕಣ್ಮುಂದ ಕುಸದ್ರ ಛಲೋ," ಎನ್ನುವುದು ಅವರ ಮಾತು.

"ಹಿಂಗ ತಟ್ಟಿ ತಟ್ಟಿ ನಿಮ್ಮ ಅಂಗಡೀನೂ ಕುಸದೈತಿ," ಎಂದು ಕಾಕು ಒಳಗಿನಿಂದ ಸೇರಿಸುತ್ತಿದ್ದರು.

ಈ ಸೇರಿನ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮದು ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಗುಜರಾತಿನಲ್ಲಿ ಭೂಕಂಪವಾಯಿತು. ಶೇಂಗಾ ವ್ಯಾಪಾರದಿಂದ ಗೆಳೆಯರಾಗಿದ್ದ ಕಚ್ಚಿನ ಕಡೆಯ ಸೇಠ್ ಒಬ್ಬರು ಕಾಕಾಗೆ ಇದ್ದರು. ಅವರಿಗೆ ಫೋನು ಹತ್ತಲಿಲ್ಲ. ಕಾಕಾ ಒಂದು ಗಂಟಿನಲ್ಲಿ ಕಟಕ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಚಟ್ನಿ ಕಟ್ಟಿಕೊಂಡು ರೈಲು ಹತ್ತಿಯೇಬಿಟ್ಟರು. ಹೋದವರು ನಮ್ಮ ಕಾಕಾ, ಬಂದವರು ಬೇರೆಯೇ ಮನುಷ್ಯ. ಸೇಠ್ ಉಳಿದಿದ್ದಾರೆ ಎಂದಷ್ಟೇ ಹೇಳಿದರು. ಬಿದ್ದ ಮನೆಗಳ ಸುದ್ದಿಯೇ ಇಲ್ಲ. ಬೀಳದ ಮನೆಯೊಂದರ ಬಗ್ಗೆ ಮಾತ್ರ ಹೇಳಿದ್ದೇ ಹೇಳಿದ್ದು. ಅದರ ಗೋಡೆ ಬಿರಿದಿರಲಿಲ್ಲ, ಬಾಗಿಲ ತೋರಣ ಹರಿದಿರಲಿಲ್ಲ, ಆದರೆ ಇಡೀ ಮನೆ ಕಿಟಕಿಯ ಮಟ್ಟಕ್ಕೆ ನೆಲದಲ್ಲಿ ಹುಗಿದು ಒಂದು ಬದಿಗೆ ವಾಲಿ ಕೂತಿತ್ತಂತೆ. ಒಣ ನೆಲದಿಂದ ನೀರೂ ಉಸುಕೂ ಉಕ್ಕಿ ಬಂದು ಅಂಗಳದ ತುಂಬ ಸಣ್ಣ ಸಣ್ಣ ಉಸುಕಿನ ಗುಡ್ಡೆಗಳಾಗಿದ್ದವಂತೆ.

"ಮನಿ ಬೀಳಲಿಲ್ಲವಾ, ನೆಲ ಕೈಬಿಟ್ಟತು," ಎಂದರು ನನಗೆ. ಆ ಮಾತು ಕೇಳಿ ನಾನು ಕೂತಿದ್ದ ಚಾಪೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

ಅಲ್ಲಿಂದ ಶುರುವಾಯಿತು. ಹೊಸ ಜಿಲ್ಲೆಯೆಂದ ಮೇಲೆ ಗದಗಿನಲ್ಲಿ ಎಲ್ಲೆಂದರಲ್ಲಿ ಕಟ್ಟಡಗಳು ಏಳುತ್ತಿದ್ದವು. ಎಲ್ಲಿ ಪಾಯ ತೋಡಿದರೂ ಅಲ್ಲಿ ನಮ್ಮ ಕಾಕಾ ಹಾಜರು. ಅಂಗಡಿ ಕಾಕುವಿನ ಪಾಲಾಯಿತು. ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಒಳಗೆ ಇಣುಕುವ ಈ ಹಿರಿಯರನ್ನು ನೋಡಿ ಗೋಡೆ ಕಟ್ಟುವ ಗವಂಡಿಯೊಬ್ಬ ಕನಿಕರದಿಂದ ಹೇಳಿದನಂತೆ, "ಎಷ್ಟ್ ನೋಡಿದ್ರೂ ಇಲ್ಲಿ ನೀರು ಹತ್ತಂಗಿಲ್ರಿ ಯಜಮಾನ್ರ."

"ಹತ್ತಬಾರದು ಅಂತನ ನೋಡಾಕತ್ತೀನಪಾ," ಎಂದರಂತೆ ಇವರು. ಮರುದಿನದಿಂದ ಗವಂಡಿ ಅವರಿಗೆ ಹಾದಿ ಬಿಟ್ಟು ನಡೆಯತೊಡಗಿದ.

ಕೊನೆಗೆ ಅಂಥದೇ ಒಂದು ಕೆಲಸದ ಮೇಲಿದ್ದ ಇಂಜಿನಿಯರ್ ಸಾಹೇಬರು ಕಾಕಾನನ್ನು ಕೂರಿಸಿ, ಚಹಾ ಕೊಟ್ಟು, ತಾಳ್ಮೆಯಿಂದ ಪಾಠ ಹೇಳಿದರು. ಸಡಿಲವಾದ ಉಸುಕು ಬೇಕು, ಅದರ ಸಂದಿಗಳ ತುಂಬ ನೀರು ಬೇಕು, ಮೇಲೆ ಜೋರಾದ ನಡುಕ ಬೇಕು. ನಡುಗಿದಾಗ ಉಸುಕಿನ ಕಣಗಳು ಒತ್ತಿಕೊಂಡು ಕೂರಲು ನೋಡುತ್ತವೆ; ನಡುವಿನ ನೀರಿಗೆ ಹೋಗಲು ಜಾಗವಿರುವುದಿಲ್ಲ; ಅದು ಕಣಗಳನ್ನೇ ಎತ್ತಿ ಹಿಡಿಯುತ್ತದೆ. ಆಗ ನೆಲ ನೆಲವಾಗಿ ಉಳಿಯದೆ ಅಂಬಲಿಯಾಗುತ್ತದೆ. ಸಾಹೇಬರು ಮಾತು ಮುಗಿಸುವ ಮೊದಲೇ ಕಾಕಾ ಎದ್ದು ನಿಂತುಬಿಟ್ಟರಂತೆ. "ಇದು ನಮ್ಮ ಸೇರು ತಟ್ಟೂದಲ್ರಿ?" ಅದೇ ಎಂದರಂತೆ ಸಾಹೇಬರು. ಮದ್ದನ್ನೂ ಅವರೇ ಹೇಳಿದರು. ಮನೆಯ ಸುತ್ತ ಆಳವಾದ ಕಿಂಡಿಗಳನ್ನು ಕೊರೆದು ತೊಳೆದ ಸಣ್ಣ ಖಡಿ, ಅಂದರೆ ಜಲ್ಲಿಕಲ್ಲು, ತುಂಬಿಟ್ಟರೆ, ನೆಲ ನಡುಗಿದಾಗ ನೀರು ಉಸುಕನ್ನು ಬಿಟ್ಟು ಆ ಖಡಿಯ ಹಾದಿ ಹಿಡಿದು ಮೇಲೆ ಬಂದು ಹೋಗುತ್ತದೆ, ಮನೆ ನಿಲ್ಲುತ್ತದೆ. ಕೊನೆಯಲ್ಲಿ, "ಆದರೆ ನೀವು ಹೆದರಬೇಡಿ. ನಿಮ್ಮದು ಎರೆ ಭೂಮಿ. ಉಬ್ಬುತ್ತದೆ, ಬಿರಿಯುತ್ತದೆ, ಈ ರೋಗ ಮಾತ್ರ ಅದಕ್ಕಿಲ್ಲ," ಎಂದು ಧೈರ್ಯ ತುಂಬಿ ಕಳಿಸಿದರು.

ಕಾಕು ಖುಷಿಯಿಂದ ಮಾದಲಿ ಮಾಡಿದರು. ಕಾಕಾ ತುತ್ತು ಎತ್ತಲಿಲ್ಲ. ಮದ್ದು ಕೈಗೆ ಸಿಕ್ಕಿದೆ, ರೋಗಿಯೇ ಇಲ್ಲ! ಇದೆಂಥ ಅನ್ಯಾಯ?

ರೋಗಿಯನ್ನು ಹುಡುಕಲು ಅವರು ಲಕ್ಷ್ಮೇಶ್ವರದ ರಾಜೇಸಾಬರನ್ನು ಜೊತೆಗೆ ಹಚ್ಚಿಕೊಂಡರು. ರಾಜೇಸಾಬರು ಕೈಯಿಂದ ಬೋರು ಕೊರೆಯುವವರು, ಕಾಕಾನ ಅಂಗಡಿಯ ಹಳೆಯ ಗಿರಾಕಿ, ಹಳೆಯ ಗೆಳೆಯ. ಇಬ್ಬರೂ ಒಂದೇ ಲೂನಾದ ಮೇಲೆ ಹಿರೇಹಂದಿಗೋಳ, ಕಳಸಾಪುರ, ಬೆಳ್ಳಟ್ಟಿ, ಶಿರಹಟ್ಟಿ ಸುತ್ತಿದರು. ಹೋದಲ್ಲೆಲ್ಲ ಎರೆ, ಇಲ್ಲವೇ ಕೆಂಪು ಮಣ್ಣು, ಕೆಳಗೆ ಗರಸು. ಗರಸು ಎಂದರೆ ಗುದ್ದಲಿಗೆ ಜಗ್ಗದ ಗಟ್ಟಿ ಪದರ.

"ಮಂದಿ ನನ್ನ ನೀರು ಹುಡುಕಾಕ ಕರೀತಾರ. ನೀರಿಗೆ ಅಂಜಕೋತ ನೀರು ಹುಡುಕಾಕ ಕರದಾವ್ರು ನೀವ ಮೊದಲಿಗ್ರು ನೋಡ್ರಿ," ಎಂದು ರಾಜೇಸಾಬರು ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. ಹೇಳಿದರೂ ಲೂನಾ ಹೊರಟ ಕೂಡಲೇ ಹಿಂದೆ ಹತ್ತಿ ಕೂರುತ್ತಿದ್ದರು.

ಅಷ್ಟರಲ್ಲಿ ನನಗೊಂದು ಸಂಬಂಧ ಬಂತು. ಮುಂಡರಗಿ ತಾಲೂಕಿನ ಹೊಳೆಸಾಲಿನ ಊರು. ಹುಡುಗನದು ಪಂಪ್‌ಸೆಟ್ ರಿಪೇರಿಯ ಅಂಗಡಿ, ಮನೆಯಲ್ಲಿ ಅವ್ವ ಮತ್ತು ಮಗ ಇಬ್ಬರೇ, ಹೊಸದಾಗಿ ಆರ್‌ಸಿಸಿ ಮನೆ ಕಟ್ಟಿಸಿದ್ದಾರೆ. ನೋಡಲು ಬಂದರು. ಹುಡುಗ ತೊಳೆದು ತೊಳೆದು ಬಂದಿದ್ದರೂ ಉಗುರಿನ ಸಂದಿಯಲ್ಲಿ ಗ್ರೀಸು ಉಳಿದಿತ್ತು. ಯಾಕೋ ಅದನ್ನು ನೋಡಿಯೇ ನನಗೆ ಮನಸ್ಸಾಯಿತು. ಕಾಕು ಅವಲಕ್ಕಿ ಕೊಟ್ಟರು, ನಾನು ಚಹಾ ಕೊಟ್ಟೆ. ಇನ್ನು ಹಿರಿಯರು ಮಾತಾಡಬೇಕು. ಹುಡುಗನ ದುಡಿಮೆ, ಹೊಲ, ಚಟ, ಇವನ್ನೆಲ್ಲ ಕೇಳುವ ಸಮಯ. ಕಾಕಾ ಗಂಟಲು ಸರಿಮಾಡಿಕೊಂಡು ಕೇಳಿದರು.

"ನಿಮ್ಮ ಮನಿ ಕೆಳಗೇನೈತ್ರಿ?"

ಹುಡುಗನ ಅವ್ವ ಗಾಬರಿಯಾಗಿ, "ಕೆಳಗ ಬಾಡಿಗಿಯವ್ರು ಯಾರೂ ಇಲ್ರಿ, ಒಂದ ಅಂತಸ್ತಿನ ಮನಿ," ಎಂದರು.

ಅದುವರೆಗೆ ಬಾಯಿ ಬಿಡದಿದ್ದ ಹುಡುಗ ತಲೆ ಎತ್ತಿದ. "ಉಸುಕ್ರಿ. ಮೊದಲ ಅಲ್ಲಿ ಹಳ್ಳ ಹರೀತಿತ್ತಂತ. ಎಂಟು ಫೂಟಿಗೆ ನೀರು ಹತ್ತತೈತಿ."

ಕಾಕಾನ ಮುಖ ನೋಡಬೇಕಿತ್ತು. ಹೆದರಿಕೆಯೂ ಸಂತೋಷವೂ ಒಟ್ಟಿಗೇ ಬಂದು ಎರಡಕ್ಕೂ ಜಾಗ ಸಾಲದೆ ಹೋಗಿತ್ತು. ಹಿತ್ತಲಿಗೆ ಓಡಿ ಎರಡು ಬಕೀಟು ತಂದರು. ಎರಡರಲ್ಲೂ ಹೊಳೆಯ ಉಸುಕು, ಉಸುಕು ಮುಳುಗುವಷ್ಟು ನೀರು. ಒಂದರ ನಡುವೆ ಹಳೆ ಧೋತರದ ತುಂಡಿನಲ್ಲಿ ಖಡಿ ಸುತ್ತಿ ನಿಲ್ಲಿಸಿದ ಉದ್ದನೆಯ ಗಂಟುಗಳು, ಇನ್ನೊಂದರಲ್ಲಿ ಏನಿಲ್ಲ. ಎರಡರ ಮೇಲೂ ಒಂದೊಂದು ಇಟ್ಟಿಗೆ ಇಟ್ಟರು. ಬೀಗರಾಗಲಿದ್ದವರು ಅವಲಕ್ಕಿಯ ತಟ್ಟೆ ಎದೆಗವಚಿಕೊಂಡು ಹಿಂದೆ ಸರಿದರು. ಕಾಕಾ ಮರದ ಕೊಡತಿ ತೆಗೆದುಕೊಂಡು ಮೊದಲು ಖಡಿಯಿಲ್ಲದ ಬಕೀಟಿಗೆ ಬಡಿಯತೊಡಗಿದರು.

ಹೇಳುತ್ತೇನೆ, ನಾನು ಆ ದಿನ ನೋಡಿದ್ದನ್ನು ಇಂದಿಗೂ ಮರೆತಿಲ್ಲ. ಇಟ್ಟಿಗೆಯನ್ನು ಹೊತ್ತು ಗಟ್ಟಿಯಾಗಿ ನಿಂತಿದ್ದ ಉಸುಕು ಒಮ್ಮೆಲೇ ಮಿಂಚಿತು, ನಡುಗಿತು, ನೀರಾಯಿತು. ಇಟ್ಟಿಗೆ ಮೆಲ್ಲಗೆ ವಾಲಿ, ಯಾರೋ ಕೆಳಗಿನಿಂದ ಎಳೆದುಕೊಂಡಂತೆ ಒಳಗೆ ಹೋಯಿತು. ಎರಡನೆಯ ಬಕೀಟಿಗೂ ಅಷ್ಟೇ ಬಡಿದರು. ಅಲ್ಲಿ ಖಡಿಯ ಗಂಟುಗಳ ತಲೆಯ ಮೇಲೆ ನೀರು ಬುಳುಬುಳು ಉಕ್ಕಿ ಬಂತು. ಇಟ್ಟಿಗೆ ತುಸು ತಗ್ಗಿತು, ಆದರೆ ನಿಂತಿತು. ನಾನು ದಿನಾ ತುಳಿದು ಓಡಾಡುವ ನೆಲ ಇಷ್ಟು ದೊಡ್ಡ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ ಎಂದು ಮೊದಲ ಸಲ ಹೊಳೆಯಿತು. ಹುಡುಗನಂತೂ ಬಗ್ಗಿ ಬಕೀಟಿನೊಳಗೇ ಮುಖ ಇಟ್ಟಿದ್ದ. ನನ್ನನ್ನು ನೋಡಲು ಬಂದವನು ಬಕೀಟು ನೋಡಿಕೊಂಡು ಹೋದ, ಸುಳ್ಳಲ್ಲ.

ಕಾಕಾ ಕೊಡತಿ ಕೆಳಗಿಟ್ಟು ಬೆವರು ಒರೆಸಿಕೊಂಡು ಕರಾರು ಹೇಳಿದರು. "ಮನಿ ಸುತ್ತ ಕಿಂಡಿ ಕೊರದು ಖಡಿ ತುಂಬಬೇಕು. ಖಡಿ ನಂದು, ಕೆಲಸ ನಂದು. ಅಂಗಳ ಅಷ್ಟ ನಿಮ್ಮದು. ಇದಕ್ಕ ಹೂಂ ಅಂದ್ರ ಹುಡುಗಿ ನಿಮ್ಮಕಿ. ಇಲ್ಲಾಂದ್ರ ಕೊಡಂಗಿಲ್ರಿ."

ಹುಡುಗನ ಅವ್ವ ಎದ್ದು ನಿಂತರು. "ಹುಡುಗಿ ಕಡಿಂದ ನಾವು ಏನೂ ಬೇಡಂಗಿಲ್ಲ ಅಂತ ಹೇಳಾಕ ಬಂದಿದ್ವಿ. ನೀವ ನಮ್ಮ ಅಂಗಳಾನ ಬೇಡಾಕತ್ತೀರಲ್ರಿ," ಎಂದರು. ವಿಚಾರ ಮಾಡಿ ತಿಳಿಸುತ್ತೇವೆ ಎಂದು ಹೊರಟೇಹೋದರು.

ವಿಚಾರ ಮಾಡಿ ತಿಳಿಸುತ್ತೇವೆ ಎಂದರೆ ಏನರ್ಥ ಎಂದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮ ಕಡೆ ಭೂಕಂಪ ಯಾವಾಗ ಆಗೈತ್ರಿ? ಆಗದ ಭೂಕಂಪಕ್ಕ ಆಗೂ ಮದಿವಿ ಬಿಡಿಸಿದ್ರಿ."

"ಲಾತೂರ ಕಡಿ ಮಂದೀನೂ ಹಂಗ ಅಂತಿದ್ರು," ಎಂದರು ಕಾಕಾ. ನನ್ನ ಮುಖವನ್ನು ಮಾತ್ರ ನೋಡಲಿಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವರ ಮೇಲೆ ಸಿಟ್ಟು ಬಂದಿತ್ತು, ಗ್ರೀಸು ಹತ್ತಿದ ಉಗುರುಗಳು ನೆನಪಾಗುತ್ತಿದ್ದವು.

ಒಂದು ವಾರ ಕಳೆದಿರಬೇಕು. ಹುಡುಗ ಒಬ್ಬನೇ ಬಂದು ಅಂಗಡಿಯ ಮುಂದೆ ನಿಂತ. ಕೈಯಲ್ಲಿ ಸೊಟ್ಟಾದ ಒಂದು ಬಕೀಟು. "ಮನ್ಯಾಗ ನಾನೂ ಬಡದು ನೋಡಿದ್ನಿರಿ. ಅವ್ವನ್ನೂ ಮುಂದ ಕುಂಡ್ರಿಸಿಕೊಂಡಿದ್ದೆ," ಎಂದ. ಆಮೇಲೆ, "ಅವ್ವ ಹೂಂ ಅಂದಾಳ. ಕಿಂಡಿ ಎಷ್ಟೆಷ್ಟು ದೂರಕ್ಕ ಹಾಕಬೇಕ್ರಿ?" ಎಂದು ಕೇಳಿದ. ಕಾಕಾ ಅವನನ್ನು ಗಲ್ಲಾಪೆಟ್ಟಿಗೆಯ ಪಕ್ಕ ತಮ್ಮ ಗಾದಿಯ ಮೇಲೆಯೇ ಕೂರಿಸಿಕೊಂಡರು. ಹೀಗೆ ನನ್ನ ಮದುವೆ ನಿಶ್ಚಯವಾಯಿತು.

ಇನ್ನು ಖಡಿಯ ಕಥೆ. ಮಣ್ಣು ಹತ್ತಿದ ಖಡಿ ಹಾಕಿದರೆ ನೀರಿನ ಹಾದಿ ಕಟ್ಟುತ್ತದೆ, ತೊಳೆಯಲೇಬೇಕು ಎಂದು ಸಾಹೇಬರು ಹೇಳಿದ್ದರಲ್ಲ? ಕಾಕಾ ಎರಡು ಟ್ರ್ಯಾಕ್ಟರ್ ಖಡಿ ತಂದು ಮನೆಯ ಮುಂದೆ ಸುರಿಸಿ, ನಳಕ್ಕೆ ನೀರು ಬಂದ ದಿನ ಇಡೀ ಓಣಿ ಕೊಡ ತುಂಬಿಕೊಳ್ಳುತ್ತಿರುವಾಗ ಬುಟ್ಟಿ ಬುಟ್ಟಿ ಕಲ್ಲು ತೊಳೆಯಲು ಕೂತರು. ಓಣಿಯ ಹೆಂಗಸರು ತಮ್ಮ ಕೊಡಗಳನ್ನು ಮರೆತು ನಿಂತು ನೋಡಿದರು.

"ಬರೇ ನೀರ್ಯಾಕ್ರಿ, ಎಣ್ಣಿ ಹಚ್ಚಿ ಎರೀರಿ. ಶೀಗಿಕಾಯಿ ತರ್ಲೇನು?" ಎಂದರು ಕಾಕು.

"ಎರಡ್ನೇ ಟ್ರ್ಯಾಕ್ಟರಿಗೆ ತಾ," ಎಂದರು ಕಾಕಾ, ತಲೆ ಎತ್ತದೆ.

ಹೆಣ್ಣುಮಕ್ಕಳಿಗೆ ತವರಿನಿಂದ ಬೀರು, ಮಂಚ, ಹಂಡೆ, ಕೊಡ ಬಳುವಳಿಯಾಗಿ ಹೋಗುತ್ತವೆ. ನನಗೂ ಹೋದವು. ಆದರೆ ಅವುಗಳ ಮುಂದೆ ಫಳಫಳ ಹೊಳೆಯುವ ಖಡಿ ಹೊತ್ತ ಎರಡು ಟ್ರ್ಯಾಕ್ಟರ್, ಮುಂದಿನದರ ಬಾನೆಟ್ಟಿಗೆ ಚೆಂಡುಹೂವಿನ ಹಾರ, ಬಾಜಾದವರು ಬೇರೆ! ಹೊಳೆಸಾಲಿನ ಆ ಊರಿನವರು ಮದುಮಗಳನ್ನು ನೋಡಲು ಬಂದು ಖಡಿ ನೋಡಿದರು. ಅಲ್ಲಿ ಇವತ್ತಿಗೂ ನನ್ನನ್ನು ಖಡಿ ಸೊಸೆ ಎಂದೇ ಕರೆಯುತ್ತಾರೆ.

ಕಿಂಡಿ ಕೊರೆಯುವುದೂ ಸುಲಭವಿರಲಿಲ್ಲ. ನೀರಿನ ಕೆಳಗಿನ ಉಸುಕು ತೋಡಿದಷ್ಟೂ ಕುಸಿದು ಮುಚ್ಚಿಕೊಳ್ಳುತ್ತದೆ. ರಾಜೇಸಾಬರು ಕಬ್ಬಿಣದ ಕೊಳವೆಯನ್ನು ತಿರುವಿ ತಿರುವಿ ಇಳಿಸಿ, ಒಳಗಿನ ಉಸುಕನ್ನು ಬಗೆದು ತೆಗೆದು, ಕೆಳಗೆ ಗರಸು ಹತ್ತಿದ ಮೇಲೆ ಖಡಿ ಸುರಿಯುತ್ತ ಕೊಳವೆಯನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಪ್ರತಿ ಸಲ ಕಾಕಾ ಕೊಳವೆಗೆ ಕಿವಿ ಹಚ್ಚಿ, "ಗರಸು ಹತ್ತಿತೇನೋ ರಾಜಾ?" ಎನ್ನುವರು. "ಹತ್ತಿತ್ರಿ ಅಣ್ಣಾರ, ಗಟ್ಟಿ ಐತಿ," ಎಂದು ಅವರು ಹೇಳಿದ ಮೇಲೆಯೇ ಮೊದಲ ಬುಟ್ಟಿ ಬೀಳುತ್ತಿತ್ತು. ಮನೆಯ ನಾಲ್ಕೂ ಬದಿಗೆ ಖಡಿಯ ದುಂಡನೆಯ ಬಾಯಿಗಳು ಸಾಲಾಗಿ ಮೂಡಿದವು. ಕೆಲಸ ಮುಗಿದ ದಿನ ಕಾಕಾ ಒಂದು ಮೂಲೆಯಲ್ಲಿ ನಿಂತು ಮನೆಯನ್ನು ತಲೆಯಿಂದ ಪಾಯದವರೆಗೂ ನೋಡಿದರು. ಮದುವೆಯ ದಿನ ಧಾರೆ ಎರೆಯುವಾಗಲೂ ಅವರ ಮುಖದಲ್ಲಿ ಆ ನಿರಾಳವನ್ನು ನಾನು ಕಂಡಿರಲಿಲ್ಲ.

ಮುಂದಿನ ವರ್ಷ ನಾನು ಬಸುರಿಯಾದೆ. ಕುಬಸಕ್ಕೆ ತವರಿನವರು ಹಸಿರು ಸೀರೆ, ಬುತ್ತಿ ಹೊತ್ತುಕೊಂಡು ಬಂದರು. ಕಾಕು ಒಳಗೆ ಬಂದರು, ಓಣಿಯವರು ಬಂದರು, ಕಾಕಾ ಮಾತ್ರ ಬರಲಿಲ್ಲ. ನಾನು ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತವಳು ಬಾಗಿಲಿನಿಂದ ಹೊರಗೆ ನೋಡಿದೆ. ಅವರು ಅಂಗಳದಲ್ಲಿ ಕೂತುಬಿಟ್ಟಿದ್ದರು. ಹೊಸದಾಗಿ ಸಿಮೆಂಟು ಬಳಿದ ನೆಲದ ಮೇಲೆ ಅಂಗೈ ಇಟ್ಟು ಏನನ್ನೋ ಹುಡುಕುತ್ತಿದ್ದರು. ಖಡಿಯ ಒಂದು ಬಾಯಿಯೂ ಕಾಣುತ್ತಿರಲಿಲ್ಲ. ಎಲ್ಲವೂ ಸಿಮೆಂಟಿನಡಿ ಮುಚ್ಚಿಹೋಗಿದ್ದವು.

ನಮ್ಮ ಅತ್ತೆ ಹತ್ತಿರ ಹೋದರು. "ಬೀಗರ, ತಪ್ಪು ತಿಳೀಬ್ಯಾಡ್ರಿ. ಒಂದಿನ ಆಕಿ ಕಾಲು ಖಡಿಯಾಗ ಹೊರಳಿತು. ಎರಡು ಜೀವದಕಿ, ಬಿದ್ದಳಂದ್ರ ನಾ ನಿಮಗ ಏನ್ ಹೇಳ್ಲಿ? ಅದಕ ಮುಚ್ಚಿಸೀನ್ರಿ."

ಕಾಕಾ ಸಿಟ್ಟಾಗಲಿಲ್ಲ. ನಮ್ಮ ಮನೆಯಲ್ಲಿ ಎಂದೂ ಹೇಳದೇ ಇದ್ದದ್ದನ್ನು ನಮ್ಮ ಅತ್ತೆಗೆ ಹೇಳಿದರು. "ಗುಜರಾತದಾಗ ನಾ ನೋಡಿದ ಮನಿ ನಮ್ಮ ಸೇಠ್‌ನ ಮಗಳ ಮನಿ ಇತ್ರಿ. ಮುಂದಿನ ಮನಿ ಹುಗದು ವಾಲಿತ್ತು ಖರೆ, ಬಿದ್ದಿದ್ದಿಲ್ಲ. ಹಿಂದಿನ ಅಡಗಿಮನಿ ಇದ್ದಿಲ್ಲ. ಹುಡುಗಿ ಅಲ್ಲಿದ್ಲು. ಸೇಠ್ ನನ್ನ ಕೈ ಹಿಡಕೊಂಡು ಒಂದ ಮಾತು ಅಂದ. ಹುಡುಗಿ ಕೊಡುವಾಗ ಮನಿತನ ಕೇಳಿದ್ವಿ, ಜಾತಕ ಕೇಳಿದ್ವಿ, ದುಡಿಮಿ ಕೇಳಿದ್ವಿ, ಮನಿ ಕೆಳಗ ಏನೈತಿ ಅಂತ ಕೇಳಲಿಲ್ಲ ಅಂದ. ಆಕಿ ನಮ್ಮ ಕೂಸಿನ ವಾರಗೀಯಕಿ ಇದ್ಲ್ರಿ. ನನಗಿರೂದು ಇದೊಂದ."

ಒಳಗೆ ಕುಬಸದ ಹಾಡು ಹೇಳುತ್ತಿದ್ದವರು ನಿಲ್ಲಿಸಿಬಿಟ್ಟಿದ್ದರು. ಕಾಕು ಕೈಯಲ್ಲಿ ಆರತಿ ಹಿಡಿದು ಹಾಗೇ ನಿಂತಿದ್ದರು. ಅವರಿಗೂ ಇದು ಗೊತ್ತಿರಲಿಲ್ಲ. ಅತ್ತೆ ಹಿತ್ತಲಿಗೆ ಹೋಗಿ, ಕಬ್ಬಿಣದ ಹಾರಿ ತಂದು, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಬಳಿಸಿದ್ದ ಸಿಮೆಂಟಿನ ಮೇಲೆ ಮೊದಲ ಏಟು ಹಾಕಿದರು. ಎರಡನೆಯ ಏಟಿಗೆ ನಮ್ಮ ಮನೆಯವರು ಓಡಿಬಂದು ಹಾರಿ ಇಸಿದುಕೊಂಡರು. ನನ್ನ ಕುಬಸದ ಉಳಿದ ಹಾಡುಗಳೆಲ್ಲ ಹಾರಿಯ ಸದ್ದಿನ ಜೊತೆಗೇ ಆದವು. ಆಮೇಲೆ ನಮ್ಮ ಮನೆಯವರು ತಮ್ಮ ಅಂಗಡಿಯಲ್ಲಿ ಕಬ್ಬಿಣದ ಜಾಳಿಗೆ ಮಾಡಿ ಒಂದೊಂದು ಬಾಯಿಗೂ ಕೂರಿಸಿದರು. ಕಾಲೂ ಹೊರಳುವುದಿಲ್ಲ, ನೀರಿನ ಹಾದಿಯೂ ಕಟ್ಟುವುದಿಲ್ಲ. ಅಂದು ಕಾಕಾ ಎರಡು ಸಲ ಹೋಳಿಗೆ ಹಾಕಿಸಿಕೊಂಡರು.

ಭೂಕಂಪ ಬರಲಿಲ್ಲ. ಬರುವುದೂ ಬೇಡ. ಕಾಕಾನ ಕಿಂಡಿಗಳು ಇಷ್ಟು ವರ್ಷ ಒಂದು ಕೆಲಸವನ್ನೂ ಮಾಡಿಲ್ಲ, ನನ್ನ ಮಕ್ಕಳು ಅವುಗಳೊಳಗೆ ಗೋಲಿ ಬೀಳಿಸಿಕೊಂಡು ಅತ್ತದ್ದು ಬಿಟ್ಟರೆ. ಆದರೂ ಪ್ರತಿ ಮಳೆಗಾಲಕ್ಕೆ ಮೊದಲು ಕಾಕಾ ಬಸ್ಸು ಹತ್ತಿ ಬರುತ್ತಿದ್ದರು. ಒಂದು ತಂಬಿಗೆ ನೀರು ಹಿಡಿದು ಜಾಳಿಗೆಯಿಂದ ಜಾಳಿಗೆಗೆ ಹೋಗಿ ತುಸು ತುಸು ಸುರಿದು, ಅದು ನಿಲ್ಲದೆ ಇಳಿಯುವುದನ್ನು ನೋಡುತ್ತಿದ್ದರು. ಕೊನೆಗೆ ಹೊಸ್ತಿಲ ಬಳಿಯ ನೆಲವನ್ನು ಸೇರು ತಟ್ಟಿದಂತೆ ಅಂಗೈಯಿಂದ ತಟ್ಟಿ, "ಆತು," ಎಂದು ಊಟಕ್ಕೆ ಕೂರುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಕಾಕಾ ಹೋದರು. ಬೆಟಗೇರಿಯಲ್ಲಿ ನಮ್ಮ ರೂಢಿಯಂತೆ ಮಣ್ಣು ಮಾಡುವುದಿತ್ತು. ಲಕ್ಷ್ಮೇಶ್ವರದಿಂದ ರಾಜೇಸಾಬರು ಬಂದಿದ್ದರು, ಕೋಲು ಊರಿಕೊಂಡು ಗುಂಡಿಯ ಬದಿಗೆ ನಿಂತಿದ್ದರು. ಗಂಡಸರು ಕಾಕಾನನ್ನು ಇಳಿಸಲು ಎತ್ತಿದರು. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ, "ಕೆಳಗೇನೈತ್ರಿ ಮಾಮಾ?" ಎಂದು ರಾಜೇಸಾಬರನ್ನು ಕೇಳಿದೆ. ಜನ ನನ್ನನ್ನೇ ನೋಡಿದರು. ರಾಜೇಸಾಬರು ನೋಡಲಿಲ್ಲ. ಆ ವಯಸ್ಸಿನಲ್ಲಿ ಇಬ್ಬರ ಕೈ ಹಿಡಿದು ಗುಂಡಿಯೊಳಗೆ ಇಳಿದು, ಬಗ್ಗಿ, ಅಂಗೈಯಿಂದ ತಳವನ್ನು ತಟ್ಟಿ ತಟ್ಟಿ ನೋಡಿದರು.

"ಗರಸು ಹತ್ತೈತವಾ," ಎಂದರು. "ಗಟ್ಟಿ ಐತಿ."

ಹಾಗಾದರೆ ಇಳಿಸಿರಿ ಎಂದೆ.